ಪುಸ್ತಕದಾಗ ಏನೈತಿ

ಗೋವಿಂದಪ್ಪನಿಗೆ ಕರುಣೆ ಇರಲಿಲ್ಲ. ಸಿಟ್ಟಿನಿಂದ ಬರೆಯುತ್ತಿರುವ ಮಾತಲ್ಲ ಇದು. ಮೂವತ್ತು ವರ್ಷ ಅವನನ್ನು ನೋಡಿ ಬರೆಯುತ್ತಿದ್ದೇನೆ. ಕೆಲವರಿಗೆ ಹಾಡು ಬರುವುದಿಲ್ಲ, ಕೆಲವರಿಗೆ ಲೆಕ್ಕ ಹತ್ತುವುದಿಲ್ಲ. ಅವನಿಗೆ ಕರುಣೆ ಹತ್ತಿರಲಿಲ್ಲ. ಅವನ ಬಳಿ ಇದ್ದದ್ದು ನಿಜ ಎನ್ನುವುದೊಂದೇ, ಅದನ್ನು ಎದುರಿಗಿದ್ದವರ ಮುಖ ನೋಡದೆ ಹೇಳಿಬಿಡುತ್ತಿದ್ದ.

ಬೆಟಗೇರಿಯ ಅವನ ಓಣಿಯಲ್ಲೇ ಹುಚ್ಚೀರಪ್ಪ ಎಂಬ ನೇಕಾರನಿದ್ದ. ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನೋಡಲು ಬಂದವರೆಲ್ಲ, ಎರಡು ತಿಂಗಳಲ್ಲಿ ಮಗ್ಗಕ್ಕೆ ಕೂಡುತ್ತೀ ಎಂದು ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಗೋವಿಂದಪ್ಪ ಹೋದವನು ಆ ಕೈಯನ್ನು ಎತ್ತಿ ಹಿಡಿದ, ಬಿಟ್ಟ. ಅದು ಹಾಸಿಗೆಯ ಮೇಲೆ ಬಿತ್ತು.

"ಈ ಕೈ ಇನ್ನ ಲಾಳಿ ಹಿಡಿಯಂಗಿಲ್ಲೋ. ಮಗ್ಗ ಮಾರಿಬಿಡು. ಇಟ್ಕೊಂಡ್ರ ಗೆದ್ದಲ ತಿಂತಾವ" ಎಂದ.

ಹುಚ್ಚೀರಪ್ಪನ ಹೆಂಡತಿ ಸುಮಿತ್ರವ್ವ ಹೊಸ್ತಿಲ ತನಕ ಅಟ್ಟಿಸಿಕೊಂಡು ಬಂದು ಬೈದಳು. ಆ ಕೈ ಮತ್ತೆ ಲಾಳಿ ಹಿಡಿಯಲಿಲ್ಲ. ಗೋವಿಂದಪ್ಪ ಹೇಳಿದ್ದೇ ನಿಜವಾಯಿತು ಎಂಬ ಕಾರಣಕ್ಕೆ ಆ ಮನೆಯವರು ಅವನೊಡನೆ ಕಡೆಯ ತನಕ ಮಾತಾಡಲಿಲ್ಲ.

ಅವನ ಕಸುಬು ಹಾಸು ಕೆಚ್ಚುವುದು, ಮಗ್ಗದ ಉದ್ದ ಎಳೆಗಳನ್ನು ಕೂಡಿಸುವುದು. ಮಗ್ಗದ ಮೇಲೆ ಒಂದು ಹಾಸು ಮುಗಿಯುತ್ತ ಬಂದಾಗ ನಮ್ಮ ಕಡೆಯ ನೇಕಾರರು ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಗೇಣುದ್ದ ಹಳೆಯ ಎಳೆಗಳನ್ನು ಮಗ್ಗದಲ್ಲೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಪ್ರತಿಯೊಂದು ಎಳೆಯನ್ನೂ ಹಳೆಯದರ ಜೋಡಿ ಎಳೆಗೆ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಸೇರಿಸಬೇಕು. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಒಂದು ಎಳೆ ತಪ್ಪಿ ಪಕ್ಕದ್ದಕ್ಕೆ ಕೂಡಿದರೆ ಅದರ ಮುಂದಿನವೆಲ್ಲ ಒಂದೊಂದಾಗಿ ಸರಿಯುತ್ತ ಹೋಗುತ್ತವೆ. ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧ ದಿನದ ಕೆಲಸ ಹಾಳು. ಗೋವಿಂದಪ್ಪ ಎಳೆ ತಪ್ಪಿಸಿದ್ದನ್ನು ಕಂಡವರಿಲ್ಲ. ಬೆಟಗೇರಿಯಲ್ಲಿ ಕೆಲಸ ಇಲ್ಲದಾಗ ಲಕ್ಷ್ಮೇಶ್ವರಕ್ಕೂ ಶಿರಹಟ್ಟಿಗೂ ಹೋಗುತ್ತಿದ್ದ. ಮಗ್ಗಗಳು ಒಂದೊಂದೇ ನಿಂತ ಹಾಗೆ ಅವನ ತಿರುಗಾಟವೂ ಕಡಿಮೆಯಾಯಿತು.

ಕೆಚ್ಚುವ ಕೆಲಸದಲ್ಲಿ ಕಣ್ಣಿಗೆ, ಕೈಗೆ ಬಿಡುವಿಲ್ಲ. ಬಾಯಿಗೆ ಪೂರ್ತಿ ಬಿಡುವು. ಅವನ ವಾರಿಗೆಯವರು ಪುರಾಣ ಹೇಳುತ್ತಿದ್ದರು, ಓಣಿಯ ಸುದ್ದಿ ಆಡುತ್ತಿದ್ದರು. ಗೋವಿಂದಪ್ಪ ಸಿನಿಮಾ ಹೇಳುತ್ತಿದ್ದ. ಅದೂ ಒಂದೇ ಬಗೆಯ ಸಿನಿಮಾ: ಆಕಾಶಕ್ಕೆ ಹಾರುವ ಹಡಗು, ಮಾತಾಡುವ ಯಂತ್ರ, ಬೇರೆ ಗ್ರಹದ ಜನ, ಹಿಂದಿನ ಕಾಲಕ್ಕೆ ಹೋಗಿ ಬರುವ ಗಾಡಿ. ಯಾಕೆ ಅದೇ ಎಂದು ನಾನೊಮ್ಮೆ ಕೇಳಿದ್ದೆ.

"ಲಗ್ನ, ತಾಯಿ, ಸೇಡು, ಇವನ್ನ ನಮ್ಮ ಓಣ್ಯಾಗ ದಿನಾ ನೋಡ್ತೀನ್ರಿ ಬಾಯಾರ. ತಿಕೀಟ ತಗದು ಯಾಕ ನೋಡ್ಲಿ?" ಎಂದಿದ್ದ.

ನನಗೆ ಅವನ ಪರಿಚಯವಾದದ್ದು ಒಂದು ಪ್ರಶ್ನೆಯಿಂದ. ನಾನು ಗದಗಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ; ಕಲಿಸುವ ಹೆಂಗಸಾದ್ದರಿಂದ ಎಲ್ಲರಿಗೂ ಬಾಯಾರು. ಬೆಟಗೇರಿಯ ವಾಚನಾಲಯದಲ್ಲಿ ಒಂದು ರವಿವಾರ ಚಂದ್ರನ ಬಗ್ಗೆ ಭಾಷಣಕ್ಕೆ ಕರೆದರು. ಕೇಳಲು ಹದಿನಾಲ್ಕು ಜನ. ಅದರಲ್ಲಿ ಇಬ್ಬರು ನಿದ್ದೆ ಮಾಡಿದರು. ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತೆಳ್ಳನೆಯ ಮನುಷ್ಯ ಎದ್ದು ನಿಂತ. ಬೆರಳ ತುದಿಗಳು ಬೂದಿಯಿಂದ ಬೆಳ್ಳಗಿದ್ದವು.

"ಗಾಳಿ ಇಲ್ಲದಲ್ಲಿ ಸಪ್ಪಳ ಇರಂಗಿಲ್ಲ ಅಂದ್ರಿ. ಹಂಗಾದ್ರ ಸಿನಿಮಾದಾಗ ಹಡಗು ಒಡದಾಗ ಢಂ ಅಂತೈತಲ್ರಿ, ಅದು?"

"ಅದು ಸುಳ್ಳು" ಎಂದೆ.

"ಆ ಸಿನಿಮಾಕ್ಕ ಒಂದು ಪುಸ್ತಕ ಐತಂತ. ಪುಸ್ತಕದಾಗ ಏನೈತ್ರಿ?"

ಆ ಪುಸ್ತಕ ನಾನು ಓದಿದ್ದೆ. ಹಡಗು ಒಡೆಯುವುದನ್ನು ಅದರಲ್ಲಿ ನಾಲ್ಕೇ ಸಾಲಿನಲ್ಲಿ ಬರೆದಿತ್ತು, ಸಪ್ಪಳ ಇರಲಿಲ್ಲ. ಹಾಗೆಂದು ಹೇಳಿದೆ. ಅವನು ತಲೆ ಅಲ್ಲಾಡಿಸಿ ಕುಳಿತ. ಮುಂದಿನ ರವಿವಾರ ಮುಂಜಾನೆ ನನ್ನ ಮನೆಯ ಗೇಟಿನ ಬಳಿ ನಿಂತಿದ್ದ. ಇನ್ನೊಂದು ಸಿನಿಮಾ ನೋಡಿದ್ದ, ಅದರ ಪುಸ್ತಕದಲ್ಲಿ ಏನಿದೆ ಎಂದು ಕೇಳಲು ಬಂದಿದ್ದ.

ಮೂವತ್ತು ವರ್ಷ ಹೀಗೆ ನಡೆಯಿತು. ಅವನಿಗೆ ಇಂಗ್ಲಿಷ್ ಬಾರದು, ಓದಿದ್ದು ಏಳನೆಯ ಇಯತ್ತೆ. ನಾನು ಪುಸ್ತಕದ ಕತೆ ಹೇಳುತ್ತಿದ್ದೆ, ಅವನು ಸಿನಿಮಾದ ಪಕ್ಕಕ್ಕೆ ಅದನ್ನಿಟ್ಟು ತೀರ್ಪು ಕೊಡುತ್ತಿದ್ದ. ತೀರ್ಪು ಬಹುತೇಕ ಒಂದೇ: ಸಿನಿಮಾ ಸುಳ್ಳು, ಪುಸ್ತಕ ಖರೆ.

"ಸಿನಿಮಾದವರಿಗೆ ಎರಡು ತಾಸು ಐತ್ರಿ. ಎರಡು ತಾಸಿನ್ಯಾಗ ಜಗತ್ತು ಮುಳಗಬೇಕು, ಹುಡುಗಿ ಉಳೀಬೇಕು, ಜನ ಕಡೀ ಬಸ್ಸು ಹಿಡೀಬೇಕು. ಸುಳ್ಳು ಹೇಳದ ಹೆಂಗ ಆಗತೈತಿ?"

ಸಿನಿಮಾ ಓಡಿದ ಮೇಲೆ ಅದನ್ನೇ ನೋಡಿ ಬರೆದು ಮಾರುವ ತೆಳ್ಳನೆಯ ಪುಸ್ತಕಗಳೂ ಇರುತ್ತವೆ ಎಂದು ಹೇಳಿದಾಗ ಅವನಿಗೆ ಅಸಹ್ಯವಾಯಿತು. "ಅದು ನೇಯ್ದ ಸೀರಿ ಬಿಚ್ಚಿ ನೂಲು ತಗದಂಗ ಆತು. ನೂಲೇನೋ ಬರತೈತಿ. ಕಸುವು ಇರಂಗಿಲ್ಲ."

ವಾಚನಾಲಯದ ಕಟ್ಟೆಯ ಮೇಲೆ ಅವನಿಗೆ ಜೋಡಿ ನಜೀರಸಾಬ. ಒಂದು ಕಾಲಕ್ಕೆ ಟಾಕೀಸಿನಲ್ಲಿ ಮಷಿನ್ ಓಡಿಸುತ್ತಿದ್ದವನು. ಟಾಕೀಸು ಮುಚ್ಚಿದ ಮೇಲೆ ದಿನವೂ ಪೇಪರ್ ಓದಲು ಬರುತ್ತಿದ್ದ. ಗೋವಿಂದಪ್ಪನನ್ನು ಕೆಣಕುವುದು ಅವನ ಮುಂಜಾನೆಯ ಉದ್ಯೋಗ.

"ಲೇ ಗೋವಿಂದಾ, ನಿನ್ನ ಪುಸ್ತಕದಾಗ ಹಾಡು ಅದಾವೇನಲೇ?"

"ಇಲ್ಲ."

"ಫೈಟಿಂಗು?"

"ಕಮ್ಮಿ."

"ಮತ್ತ ಮಂದಿ ಯಾಕ ಓದ್ತಾರ? ನಾ ರೀಲು ಹರದಾಗ ನಡುವ ಒಂದು ಗಜ ಕತ್ತರಿಸಿ ಹಚ್ಚಿಬಿಡ್ತಿದ್ನಿ. ಯಾರಿಗೂ ಗೊತ್ತಾಗತಿದ್ದಿಲ್ಲ. ನಿನ್ನ ಖರೆ ಅನ್ನೋದು ಒಂದು ಗಜ ಹೋದ್ರ ಏನಾಕ್ಕೈತಿ?"

"ನಿನಗ ಏನೂ ಆಗಂಗಿಲ್ಲ. ನೋಡಿದಾಂವ ಒಂದು ಗಜ ಹುಚ್ಚ ಆಗಿರ್ತಾನ."

ನಜೀರಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ಗೋವಿಂದಪ್ಪ ನಗಲಿಲ್ಲ. ಅವನು ನಕ್ಕದ್ದು ನನಗೆ ನೆನಪಿಲ್ಲ.

ನಿವೃತ್ತಿಯಾದ ಮೇಲೆ ನಾನು ಅಂಥದೊಂದು ಕಾದಂಬರಿಯನ್ನು ಕನ್ನಡಕ್ಕೆ ಮಾಡಿದೆ. ಅಚ್ಚಾದ ಐನೂರು ಪ್ರತಿಗಳಲ್ಲಿ ನಾನೂರು ಇವತ್ತಿಗೂ ನನ್ನ ಅಟ್ಟದ ಮೇಲಿವೆ. ಹೆಸರು ಹೇಳಿ ಪ್ರಯೋಜನವಿಲ್ಲ. ಕತೆ ಇಷ್ಟು. ದೂರದ ಗ್ರಹವೊಂದರ ಬಳಿ ಕೆಟ್ಟು ನಿಂತ ಒಂದು ಯಂತ್ರ; ಅದನ್ನು ರಿಪೇರಿ ಮಾಡಲು ಒಬ್ಬಳೇ ಹೆಂಗಸು ಹಡಗಿನಲ್ಲಿ ಹೋಗುತ್ತಾಳೆ. ಕೆಲಸ ಮುಗಿಯುತ್ತದೆ, ದಾರಿ ತಪ್ಪುತ್ತದೆ. ಅವಳಿಗೆ ನಾಲ್ಕು ವರ್ಷ ಕಳೆದಿರುವಾಗ ಭೂಮಿಯಲ್ಲಿ ನಲವತ್ತು ಕಳೆದಿರುತ್ತದೆ. ಇದನ್ನು ಸಿನಿಮಾ ಮಾಡಿದವರು ಕಡೆಗೆ ಅವಳನ್ನು ಸೂರ್ಯನ ಬೆಂಕಿಗೆ ಹಾಕಿದರು. ಅವಳು ತಾನಾಗಿಯೇ ಹಡಗನ್ನು ಅತ್ತ ತಿರುಗಿಸುತ್ತಾಳೆ. ಹಿನ್ನೆಲೆಯಲ್ಲಿ ಇಪ್ಪತ್ತು ಪಿಟೀಲು. ಪುಸ್ತಕದಲ್ಲಿ ಹಾಗಿಲ್ಲ. ಅವಳು ಇಳಿಯುತ್ತಾಳೆ, ಬಸ್ಸು ಹತ್ತುತ್ತಾಳೆ, ತನ್ನ ಓಣಿಗೆ ಬರುತ್ತಾಳೆ. ಮನೆಯಲ್ಲಿ ಯಾರೋ ಬೇರೆಯವರಿದ್ದಾರೆ. ಅವಳು ಕುಡಿಯಲು ನೀರು ಕೇಳುತ್ತಾಳೆ, ಅವರು ಕೊಡುತ್ತಾರೆ, ಅವಳು ಕುಡಿದು ಮೆಟ್ಟಿಲ ಮೇಲೆ ಕೂಡುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಗೋವಿಂದಪ್ಪ ಎರಡು ಸಲ ಓದಿ ಬಂದ.

"ಈ ಸಲ ಉಲ್ಟಾ ಆಗೇತ್ರಿ. ಬರದಾಂವ ಉಳಿಸ್ಯಾನ, ಸಿನಿಮಾದವರು ಕೊಂದಾರ. ನಗಿಸಿ ರೊಕ್ಕ ಇಸ್ಕೊಳ್ಳೋದಕ್ಕಿಂತ ಅಳಿಸಿ ಇಸ್ಕೊಳ್ಳೋದು ಹಗೂರ. ಮನೀಗೆ ಬಂದು ನೀರು ಕುಡದ್ಲು ಅಂದ್ರ ಯಾರು ಅಳ್ತಾರ? ಆದ್ರ ಅದು ಖರೆ."

"ಮತ್ತ ನನ್ನ ಕನ್ನಡ?"

"ಗಂಜಿ ಜಾಸ್ತಿ ಆಗೇತ್ರಿ. ಬಿರುಸ ಅದಾವ ಎಳಿ. ಹರಿಯಂಗಿಲ್ಲ, ಆದ್ರ ಮೈಗೆ ಹತ್ತಂಗಿಲ್ಲ."

ಆ ಪುಸ್ತಕಕ್ಕೆ ಬಂದ ವಿಮರ್ಶೆ ಅದೊಂದೇ.

ಅವನ ಹೆಂಡತಿ ಚೌಡವ್ವ. ತವರು ಮುಂಡರಗಿ ತಾಲೂಕಿನ ಹಮ್ಮಿಗಿ, ತುಂಗಭದ್ರೆಯ ದಂಡೆ. ಹತ್ತು ವರ್ಷದವಳಿದ್ದಾಗ ಹೊಳೆ ಈಸುತ್ತಿದ್ದಳಂತೆ. ಬೆಟಗೇರಿಗೆ ಬಂದ ಮೇಲೆ ಈಸಲು ಎಲ್ಲಿಯೂ ನೀರಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಕುಳಿತು ನಲವತ್ತು ವರ್ಷ ರಾಟಿಯ ಮೇಲೆ ಲಾಳಿಗೆ ನೂಲಿನ ಕಂಡಿಕೆ ಸುತ್ತಿದಳು. ಅವಳು ಓದಿದವಳಲ್ಲ. ಆದರೆ ಗಂಡ ಹೇಳಿದ ಕತೆಗಳೆಲ್ಲ ರಾಟಿಯ ಸಪ್ಪಳದ ನಡುವೆ ಅವಳ ಕಿವಿಗೆ ಬಿದ್ದಿದ್ದವು.

"ಇವರು ಮಂಗಳಗ್ರಹಕ್ಕ ಹತ್ತು ಸಲ ಹೋಗಿ ಬಂದಾರ್ರಿ ಬಾಯಾರ" ಎನ್ನುತ್ತಿದ್ದಳು. "ಸಂತಿಗೆ ಹೋಗಿ ಬದನಿಕಾಯಿ ತರ್ರಿ ಅಂದ್ರ ಮೊಣಕಾಲು ನೋವು."

ಅವಳಿಗೆ ಅರವತ್ತೈದಾದಾಗ ಎರಡೂ ಮೂತ್ರಪಿಂಡ ನಿಂತವು. ಮಂಗಳವಾರ, ಶುಕ್ರವಾರ ಗದಗಿನ ದವಾಖಾನೆಯಲ್ಲಿ ಯಂತ್ರಕ್ಕೆ ಕೈ ಕೊಟ್ಟು ನಾಲ್ಕು ತಾಸು ಮಲಗಬೇಕು. ಅಲ್ಲಿ ರಕ್ತ ಸೋಸಿ ಮತ್ತೆ ಮೈಗೆ ಬಿಡುತ್ತಾರೆ. ಕುಡಿಯುವ ನೀರಿಗೆ ಮಿತಿ. ಮೂತ್ರವಾಗಿ ಹೋಗದ ನೀರು ಮೈಯಲ್ಲಿ ನಿಲ್ಲುತ್ತದೆ, ಪುಪ್ಪಸಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ದಿನಕ್ಕೆ ಇಷ್ಟೇ ಎಂದು ಬರೆದುಕೊಟ್ಟಿದ್ದರು.

ಆ ಚೀಟಿ ಗೋವಿಂದಪ್ಪನ ಕೈಗೆ ಸಿಕ್ಕಿತು. ಒಂದು ಸಣ್ಣ ಸ್ಟೀಲಿನ ವಾಟಗ ತಂದು, ದವಾಖಾನೆಯ ನರ್ಸಿನ ಮುಂದೆ ಅಳೆಯಿಸಿ, ದಿನಕ್ಕೆ ಆರು ವಾಟಗ ಎಂದು ಗೊತ್ತು ಮಾಡಿದ. ಮುಂಜಾನೆ ಏಳಕ್ಕೆ ಒಂದು, ಹತ್ತಕ್ಕೆ, ಒಂದಕ್ಕೆ, ಮೂರಕ್ಕೆ, ಸಂಜೆ ಆರಕ್ಕೆ, ಮಲಗುವಾಗ ಒಂದು. ಕುಡಿಯುವ ನೀರಿನ ಕೊಡವನ್ನು ಅಡಿಗೆಮನೆಯಿಂದ ತೆಗೆದು, ಮನೆಯಲ್ಲಿದ್ದ ಒಂದೇ ಮಗ್ಗದ ಕೋಣೆಯ ಗೂಡಿನಲ್ಲಿಟ್ಟು ಕೀಲಿ ಹಾಕಿದ. ಕೀಲಿಕೈ ಅವನ ಉಡದಾರಕ್ಕೆ. ವಾಟಗ ಗೂಡಿನ ಪಕ್ಕದ ಮೊಳೆಗೆ. ಬಾಗಿಲು ತೆಗೆದು ಅಳೆದು ಕೊಡುವಾಗ ಒಂದು ಹನಿ ಚೆಲ್ಲಿದರೆ ಚೆಲ್ಲಿತು, ಅದರ ಬದಲು ಇನ್ನೊಂದು ಹನಿ ಇಲ್ಲ.

ಸೊಸೆ ವಿದ್ಯಾಶ್ರೀ ಒಂದು ದಿನ ಬೇಸಿಗೆಯಲ್ಲಿ ತಡೆಯಲಾರದೆ ಅತ್ತೆಗೆ ಒಂದು ಗುಟುಕು ಕುಡಿಸಿದಳು. ಗೋವಿಂದಪ್ಪನಿಗೆ ತಿಳಿಯಿತು. ಬೈಯಲಿಲ್ಲ. ಸಂಜೆಯ ಆರರ ವಾಟಗ ಕೊಡಲಿಲ್ಲ. ಆ ದಿನ ನಾನು ಅಲ್ಲಿಯೇ ಇದ್ದೆ. ಚೌಡವ್ವನ ನಾಲಿಗೆ ಅಂಟಿಕೊಂಡು ಮಾತು ಹೊರಡುತ್ತಿರಲಿಲ್ಲ.

"ಅರ್ಧನರ ಕೊಡ್ರಿ. ಏನಾಗತೈತಿ?" ಎಂದೆ.

"ನೀವು ವಿಜ್ಞಾನ ಕಲಿಸಿದವರು. ಏನಾಗತೈತಿ ಅಂತ ನೀವ ಹೇಳ್ರಿ" ಎಂದ.

ಅವನು ಸರಿಯಾಗಿದ್ದ. ಅವನು ಸರಿಯಾಗಿದ್ದುದರಿಂದಲೇ ಅವಳು ಎರಡು ವರ್ಷ ದಾಟಿದಳು ಎಂದು ಡಾಕ್ಟರೂ ಹೇಳಿದರು. ನಳದಲ್ಲಿ ನೀರು ಬಿಡುವ ದಿನ ಬೀದಿಯಲ್ಲಿ ಕೊಡಗಳ ಸಪ್ಪಳವಾದರೆ ಚೌಡವ್ವ ಮಲಗಿದಲ್ಲೇ, "ನಮ್ಮ ಹೊಳಿ ಬಂತು" ಎನ್ನುತ್ತಿದ್ದಳು. ಗೋವಿಂದಪ್ಪ ಹೊರಗೆ ಹೋಗಿ ತುಂಬಿಕೊಂಡು ಬಂದು, ಗೂಡಿನೊಳಗಿಟ್ಟು ಕೀಲಿ ಹಾಕುತ್ತಿದ್ದ.

ಮೂರನೆಯ ವರ್ಷ ಕೆಟ್ಟಿತು. ಸೂಜಿ ಚುಚ್ಚುವ ಕೈ ಹಗ್ಗದ ಹಾಗೆ ಗಂಟುಗಟ್ಟಿತು. ಯಂತ್ರದ ಮೇಲಿದ್ದಾಗಲೇ ರಕ್ತದ ಒತ್ತಡ ಇಳಿದು ಕಣ್ಣು ಮೇಲೆ ಹೋಗುತ್ತಿತ್ತು; ಕಾಲು ಸೆಟೆದು ಚೀರುತ್ತಿದ್ದಳು. ಹೃದಯವೂ ಸೋತಿದೆ, ಯಂತ್ರ ನಡೆಸಬಹುದು, ಆದರೆ ಇದಕ್ಕಿಂತ ಸುಧಾರಿಸುವುದಿಲ್ಲ ಎಂದು ಡಾಕ್ಟರು ಗೋವಿಂದಪ್ಪನನ್ನೂ ಮಗ ಕಿಶೋರನನ್ನೂ ಕೂಡಿಸಿ ಹೇಳಿದರು. ಕಿಶೋರ ಲಾರಿ ನಡೆಸುವವನು, ದೊಡ್ಡ ಆಳು. ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅತ್ತ.

"ನಾ ಬದುಕಾಕಂತ ಹೋಗಾಕತ್ತಿಲ್ರಿ" ಎಂದು ಚೌಡವ್ವ ನನಗೆ ಹೇಳಿದಳು. "ಕಿಶೋರ ಅಳ್ತಾನಂತ ಹೋಗಾಕತ್ತೀನಿ. ಸಾಕಾಗೇತಿ. ಸಾಕು ಅಂದ್ರ ಅವ್ವನ್ನ ಕೊಂದ ಪಾಪ ತನಗ ಹತ್ತತೈತಿ ಅಂತಾನ. ಯಾರರ ಅಪ್ಪಣಿ ಕೊಟ್ರ ಬಿಡ್ತಿದ್ನಿ."

ಅಪ್ಪಣೆ ಕೇಳಲು ಅವಳು ಬನಶಂಕರಿಯ ಗುಡಿಗೆ ಹೋದಳು. ದೇವಿಯ ಮೈಗೆ ಹೂ ಅಂಟಿಸಿ ಪ್ರಶ್ನೆ ಕೇಳುವುದು ನೇಕಾರ ಮನೆತನಗಳ ರೂಢಿ. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ವಿದ್ಯಾಶ್ರೀ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋಗಿದ್ದಳು. ಎರಡು ತಾಸು ಕುಳಿತರೂ ಯಾವ ಹೂವೂ ಬೀಳಲಿಲ್ಲ. ಪೂಜಾರಿ ಇನ್ನೊಂದು ದಿನ ಬರ್ರಿ ಎಂದ.

ಅದರ ಮರುದಿನ ರವಿವಾರ. ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಟೀವಿಯಲ್ಲಿ ನಾನು ಕನ್ನಡಕ್ಕೆ ಮಾಡಿದ ಆ ಕಾದಂಬರಿಯ ಸಿನಿಮಾವನ್ನೇ ಕನ್ನಡದ ಮಾತು ಹಾಕಿ ಬಿತ್ತರಿಸುತ್ತಿದ್ದರು. ಚೌಡವ್ವ ದಿಂಬಿಗೆ ಒರಗಿ ನೋಡುತ್ತಿದ್ದಳು. ಗೋವಿಂದಪ್ಪ ಬೆನ್ನು ತಿರುಗಿಸಿ ಮಗ್ಗದ ಮುಂದೆ ಕುಳಿತು ಎಳೆ ಹೊಸೆಯುತ್ತಿದ್ದ. ಆಕಾಶದಲ್ಲಿ ಒಬ್ಬಳೇ ಇರುವ ಆ ಹೆಂಗಸಿನ ಕೈಗೆ ಕೊಳವೆಗಳು, ಸುತ್ತಲೂ ಮಿಣಮಿಣ ದೀಪದ ಯಂತ್ರಗಳು. ಹಡಗು ಸೂರ್ಯನ ಕಡೆ ತಿರುಗಿತು. ಪಿಟೀಲು ಶುರುವಾಯಿತು.

"ಇದು ಸುಳ್ಳಲ್ರೀ?" ಎಂದಳು ಚೌಡವ್ವ.

ಗೋವಿಂದಪ್ಪ ತಿರುಗಲಿಲ್ಲ. "ಸಿನಿಮಾ ಎಲ್ಲಾ ಸುಳ್ಳ."

"ಬಾಯಾರ ಪುಸ್ತಕ ಇದರದ ಅಲ್ಲೇನು? ಅದರಾಗ ಏನೈತಿ?"

ನಾನು ಬಾಯಿ ತೆರೆದೆ. ಗೋವಿಂದಪ್ಪ ಬೂದಿ ಹತ್ತಿದ ಕೈ ಎತ್ತಿ ನನ್ನನ್ನು ತಡೆದ. ಕತೆಯ ಕೊನೆಯನ್ನು ಮೊದಲೇ ಹೇಳುವುದು ಅವನ ಪದ್ಧತಿಯಲ್ಲಿರಲಿಲ್ಲ. "ಕಡೀಕಿನ ಎಳಿ ಮೊದಲ ಹಿಡಿಯಂಗಿಲ್ಲ. ಬೇಕಂದ್ರ ಮೊದಲಿಂದ ಓದ್ತೀನಿ, ಕೇಳು."

"ಓದ್ರಿ ಹಂಗಾರ" ಎಂದಳು. ಆಮೇಲೆ ಸ್ವಲ್ಪ ಉಸಿರು ತೆಗೆದುಕೊಂಡು, "ದೇವಿ ಹೂ ಕೊಡಲಿಲ್ಲ. ಇದ ನನಗ ಅಪ್ಪಣಿ. ಪುಸ್ತಕದಾಗ ಆಕಿ ಮನೀಗೆ ಬಂದ್ರ ನಾನೂ ಯಂತ್ರಕ್ಕ ಹೋಗ್ತೀನಿ, ಎಷ್ಟ ದಿನ ಆದ್ರೂ, ಒಂದ ಮಾತು ಆಡಂಗಿಲ್ಲ. ಬರಲಿಲ್ಲಂದ್ರ ನನ್ನ ಬಿಡಬೇಕು. ಯಾರೂ ಎಳದಾಡಬಾರದು."

"ಹುಚ್ಚಿ. ಪುಸ್ತಕ ಅಂದ್ರ ದೇವರೇನು?"

"ಮೂವತ್ತು ವರ್ಷ ನೀವ ಹೇಳೀರಿ, ಪುಸ್ತಕದಾಗ ಇದ್ದದ್ದ ಖರೆ ಅಂತ. ಈಗ ಸುಳ್ಳು ಅಂತೀರಾ?"

ಅವನು ಮತ್ತೆ ಎಳೆಗೆ ಕೈ ಹಾಕಿದ. ವಿದ್ಯಾಶ್ರೀ ಗಾಬರಿಯಿಂದ ನನ್ನ ಮುಖ ನೋಡಿದಳು. ನನಗೆ ಗಾಬರಿಯಾಗಲಿಲ್ಲ. ಕಾದಂಬರಿಯನ್ನು ದೇವಿಯ ಹೂವಿನ ಹಾಗೆ ಬಳಸುವುದು ಅವಿವೇಕ ಎನಿಸಿತು, ಅಷ್ಟೇ. ಉತ್ತರ ನನಗೆ ಗೊತ್ತಿತ್ತು. ಓದುವವನು ಗೋವಿಂದಪ್ಪ, ಒಂದು ಅಕ್ಷರ ಆಚೀಚೆ ಆಗುವುದಿಲ್ಲ. ಅವಳು ಯಂತ್ರಕ್ಕೆ ಹೋಗುತ್ತಾಳೆ. ಹಾಗೆಂದುಕೊಂಡು ಮನೆಗೆ ಬಂದೆ.

ಆರು ವಾರ ಓದು ನಡೆಯಿತು. ದವಾಖಾನೆಯಲ್ಲಿ ಅವಳು ಯಂತ್ರದ ಮೇಲಿದ್ದಾಗ ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತು ಸಣ್ಣ ದನಿಯಲ್ಲಿ ಓದುತ್ತಿದ್ದನಂತೆ. ಪಕ್ಕದ ಮಂಚಗಳವರೂ ಕಿವಿಗೊಡುತ್ತಿದ್ದರಂತೆ. ಅವಳ ಕಾಲು ಸೆಟೆದಾಗ ಓದು ನಿಲ್ಲಿಸಿ ಕಾಲು ಒತ್ತಿ, ಮತ್ತೆ ಅದೇ ಸಾಲಿನಿಂದ ಶುರು ಮಾಡುತ್ತಿದ್ದನಂತೆ. ಇದನ್ನು ವಿದ್ಯಾಶ್ರೀ ಹೇಳಿದಳು. ಆ ದಿನಗಳಲ್ಲಿ ನಾನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲೇ ಇದ್ದೆ.

ಒಂದು ಬುಧವಾರ ಕಿಶೋರ ಫೋನ್ ಮಾಡಿದ.

"ಬಾಯಾರ, ಅವ್ವ ಯಂತ್ರದ ಎರಡು ಪಾಳಿ ತಪ್ಪಿಸ್ಯಾಳ್ರಿ. ಮೈಯೆಲ್ಲಾ ಬಾತೈತಿ. ಕೇಳಿದ್ರ ಅಪ್ಪಣಿ ಆಗೇತಿ ಅಂತಾಳ. ಅಪ್ಪ ಬಾಯಿ ಬಿಡವಲ್ಲ. ನಾ ಊರಾಗ ಇದ್ದಿದ್ದಿಲ್ಲ, ಏನು ಅಪ್ಪಣಿನೋ ನನಗ ಒಂದೂ ತಿಳೀವಲ್ದು. ನೀವು ಒಂದೀಟು ಬಂದು ಹೇಳ್ರಿ. ನಿಮ್ಮ ಮಾತು ಕೇಳ್ತಾಳ."

ನನಗೆ ಸಿಟ್ಟು ಬಂತು. ಮಾತು ಕೊಟ್ಟು ತಪ್ಪಿದ್ದಾಳೆ ಎಂದುಕೊಂಡೆ. ಪುಸ್ತಕದ ಒಂದು ಪ್ರತಿಯನ್ನು ಚೀಲದಲ್ಲಿ ಹಾಕಿಕೊಂಡು ಆಟೋ ಹಿಡಿದು ಹೋದೆ. ಬೇಕಾದರೆ ಕೊನೆಯ ಪುಟ ನಾನೇ ಓದಿ ತೋರಿಸುವುದು, ಅವಳ ಕರಾರನ್ನು ಅವಳಿಗೇ ನೆನಪಿಸುವುದು ಎಂದು.

ಅವಳನ್ನು ಮಗ್ಗದ ಕೋಣೆಯಲ್ಲೇ ಮಲಗಿಸಿದ್ದರು. ಮಲಗಿಸಿದ್ದರು ಎನ್ನುವುದು ತಪ್ಪು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಮಡಿಚಿದ ಕೌದಿಗಳಿಗೆ ಒರಗಿಸಿ ಕೂಡಿಸಿದ್ದರು. ಮುಖ ಊದಿ ಕಣ್ಣು ಸಣ್ಣವಾಗಿದ್ದವು. ಮಗ್ಗದ ಮುಂದೆ ಗೋವಿಂದಪ್ಪ ಕುಳಿತಿದ್ದ. ಹಾಸು ಅರ್ಧ ಕೆಚ್ಚಿ ಆಗಿತ್ತು. ಕಿಶೋರ ನನ್ನನ್ನು ಒಳಗೆ ಬಿಟ್ಟ. ಅವ್ವನ ಮುಂದೆ ನಿಲ್ಲಲಾರದೆ ತಾನು ಹೊರಗಿನ ಕಟ್ಟೆಯ ಮೇಲೆ ವಿದ್ಯಾಶ್ರೀಯ ಪಕ್ಕದಲ್ಲಿ ಹೋಗಿ ಕುಳಿತ.

"ಬರ್ರಿ ಬಾಯಾರ. ಕುಂಡ್ರಿ" ಎಂದಳು ಚೌಡವ್ವ. ಒಂದೊಂದು ಮಾತಿನ ನಡುವೆ ಉಸಿರು ಎಳೆಯುತ್ತಿದ್ದಳು. "ಕಣ್ಣು ಹೆಂಗ ಅದಾವು?"

"ನನ್ನ ಕಣ್ಣು ಇರಲಿ. ಯಾಕ ದವಾಖಾನಿಗೆ ಹೋಗವಲ್ಲಿ? ನನ್ನ ಮುಂದ ಮಾತು ಕೊಟ್ಟಿದ್ದಿ."

"ಕೊಟ್ಟ ಮಾತ ನಡಸಾಕತ್ತೀನ್ರಿ. ಆಕಿ ಬರಲಿಲ್ಲ."

"ಯಾರು?"

"ಆಕಿರಿ. ಪುಸ್ತಕದಾಗೂ ಬರಲಿಲ್ಲ. ಈ ಸಲ ಸಿನಿಮಾ ಖರೆ ಹೇಳಿತ್ತು."

ನಾನು ಗೋವಿಂದಪ್ಪನ ಕಡೆ ನೋಡಿದೆ. ಅವನು ತಲೆ ಎತ್ತಲಿಲ್ಲ. ಹಳೆಯ ಎಳೆ ಎಡಗೈಗೆ, ಹೊಸ ಎಳೆ ಬಲಗೈಗೆ, ಒಂದು ಹೊಸೆತ, ಮುಂದಿನ ಎಳೆ. ಬೆರಳು ನಿಂತಿರಲಿಲ್ಲ.

"ಏನ್ರೀ" ಎಂದಳು ಚೌಡವ್ವ, "ಬಾಯಾರೂ ಕೇಳಲಿ. ಕಡೀ ಹಾಳಿ ಇನ್ನೊಮ್ಮೆ ಓದ್ರಿ."

ಅವನು ಕೈಯ ಬೂದಿಯನ್ನು ಧೋತರಕ್ಕೆ ಒರೆಸಿ, ಓದುವ ಚಾಳೀಸು ಹಾಕಿಕೊಂಡ. ಪುಸ್ತಕ ಮಗ್ಗದ ಮೇಲೆಯೇ ಇತ್ತು. ಕೊನೆಯ ಪುಟ ತೆಗೆದ. ಅವನು ಹಿಡಿದ ಕೋನದಲ್ಲಿ ಪುಟ ನನಗೂ ಕಾಣುತ್ತಿತ್ತು: ಬಸ್ಸು, ಓಣಿ, ಬಾಗಿಲು, ನೀರು, ಮೆಟ್ಟಿಲು, ಎಲ್ಲ ಅಲ್ಲಿಯೇ ಇದ್ದವು. ಹೊಸ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಅವನು ಓದಿದ:

"ಹಡಗು ತಿರುಗಲಿಲ್ಲ. ಭೂಮಿ ಬಹಳ ದೂರ ಉಳಿದಿತ್ತು. ಅವಳು ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದಳು. ಎಲ್ಲ ಸಪ್ಪಳ ನಿಂತ ಮೇಲೆ ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ತನ್ನ ಪಾಲಿನ ಕೆಲಸ ಅವಳು ಮಾಡಿ ಮುಗಿಸಿದ್ದಳು. ಇನ್ನು ಅವಳನ್ನು ಯಾರೂ ಕರೆಯುವಂತಿರಲಿಲ್ಲ."

ಅವನ ಕಣ್ಣು ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು. ದನಿ ಎಲ್ಲಿಯೂ ತಡವರಿಸಲಿಲ್ಲ. ಚೌಡವ್ವನ ತುಟಿ ಅವನ ಜೊತೆಗೇ ಅಲುಗುತ್ತಿತ್ತು. ಅಂದರೆ ಪ್ರತಿ ಸಲವೂ ಇದೇ ಮಾತುಗಳನ್ನು, ಇದೇ ಕ್ರಮದಲ್ಲಿ ಓದಿದ್ದಾನೆ. ಮೊದಲೇ ಕೂಡಿಸಿ ಬಾಯಿಪಾಠ ಮಾಡಿಟ್ಟುಕೊಂಡಿದ್ದಾನೆ. ಆ ಮಾತುಗಳು ನನ್ನವಲ್ಲ. ಅವುಗಳಲ್ಲಿ ಗಂಜಿ ಇರಲಿಲ್ಲ.

ಓದುವಷ್ಟು ಹೊತ್ತೂ ಅವಳು ಪುಸ್ತಕ ನೋಡಲಿಲ್ಲ. ಅವನ ಮುಖ ನೋಡುತ್ತಿದ್ದಳು.

"ಹೌದಲ್ರಿ ಬಾಯಾರ?" ಎಂದಳು. "ಬರದವರು ನೀವು."

ನನ್ನ ಚೀಲ ತೊಡೆಯ ಮೇಲಿತ್ತು. ಪುಸ್ತಕದ ಅಂಚು ಕೈಗೆ ಹತ್ತುತ್ತಿತ್ತು. ಅರ್ಧ ಸರಿ ಇರುವ ಉತ್ತರಕ್ಕೆ ಮೂವತ್ತಾರು ವರ್ಷ ಸೊನ್ನೆ ಹಾಕಿದವಳು ನಾನು. ಹೊರಗಿನ ಕಟ್ಟೆಯ ಮೇಲೆ ಕಿಶೋರ ಕೆಮ್ಮಿದ್ದು ಕೇಳಿತು. ಅವನು ನನ್ನನ್ನು ಕರೆಸಿದ್ದು ಯಾತಕ್ಕೆ ಎಂಬುದು ನನಗೆ ನೆನಪಿತ್ತು.

"ಓದಿದ್ದು ಕೇಳಿದೆ, ಚೌಡವ್ವ" ಎಂದೆ.

"ಚಲೋ ಮುಗಿಸೀರಿ" ಎಂದಳು.

ಆಗ ಗಂಟೆ ನಾಲ್ಕು. ಮೂರರ ವಾಟಗ ಆಗಿಹೋಗಿತ್ತು, ಆರರದಕ್ಕೆ ಎರಡು ತಾಸು ಬಾಕಿ. ಅವಳು ನೀರು ಕೇಳಿರಲಿಲ್ಲ. ಕೇಳುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಗೋವಿಂದಪ್ಪ ಚಾಳೀಸು ತೆಗೆದು ಪುಸ್ತಕದ ಮೇಲಿಟ್ಟ. ಮೊಣಕಾಲಿಗೆ ಕೈ ಕೊಟ್ಟು ಎದ್ದ. ಉಡದಾರದ ಕೀಲಿಕೈಯಿಂದ ಗೂಡಿನ ಬಾಗಿಲು ತೆಗೆದ. ಮೊಳೆಯ ಮೇಲಿನ ವಾಟಗವನ್ನು ಮುಟ್ಟಲಿಲ್ಲ. ಕೆಳಗಿದ್ದ ತಾಮ್ರದ ತಂಬಿಗೆ ಎತ್ತಿ, ಕೊಡದೊಳಗೆ ಮುಳುಗಿಸಿ, ಅಂಚಿನ ತನಕ ತುಂಬಿ ತಂದ. ನಡೆದು ಬರುವಾಗ ನೆಲದ ಮೇಲೆ ಚೆಲ್ಲಿತು, ಅವನು ಬಗ್ಗಿ ನೋಡಲಿಲ್ಲ.

ಅವಳ ಹಿಂದೆ ಕುಳಿತು, ಬೆನ್ನಿಗೆ ತನ್ನ ಎದೆ ಆನಿಸಿ, ತಂಬಿಗೆಯನ್ನು ಅವಳ ಬಾಯಿಯ ಹತ್ತಿರ ಹಿಡಿದ.

ಅವಳು ನೀರನ್ನು ನೋಡಿದಳು. "ಪೂರಾ ಐತಲ್ರೀ" ಎಂದಳು.

"ಹೌದು. ಸಾವಕಾಶ ಕುಡಿ" ಎಂದ.

ಅವಳು ಎರಡೂ ಕೈಯಲ್ಲಿ ತಂಬಿಗೆ ಹಿಡಿದುಕೊಂಡು ಕುಡಿದಳು. ನಡುನಡುವೆ ಉಸಿರಿಗೆ ನಿಲ್ಲಿಸುತ್ತಿದ್ದಳು, ಮತ್ತೆ ಕುಡಿಯುತ್ತಿದ್ದಳು. ಗದ್ದದಿಂದ ಇಳಿದ ನೀರು ಅವನ ಮುಂಗೈ ಮೇಲಿನ ಬೂದಿಯನ್ನು ತೊಳೆಯಿತು. ತಳದ ಹನಿಯ ತನಕ ಮುಗಿಯಿತು. ಅವನು ಖಾಲಿ ತಂಬಿಗೆ ತೆಗೆದುಕೊಂಡು, ಮತ್ತೊಮ್ಮೆ ತುಂಬಲು ಎದ್ದ.